ಹನ್ನೊಂದು ಇದ್ದದ್ದು ಹದಿಮೂರು ಆದದ್ದು

ಮೇಡಂ: ಹದಿಮೂರು.

ಗಡಿಯಾರದವರು: ಹನ್ನೊಂದು.

ಮೇಡಂ: ನೀವೇ ಕಣ್ಣಾರೆ ನೋಡಿ. ಹದಿಮೂರಿದೆ.

ಗಡಿಯಾರದವರು: ನಾಲ್ಕು ವರ್ಷದಿಂದ ಹನ್ನೊಂದೇ ಇರೋದು ಮೇಡಂ. ಇವತ್ತು ಭಾನುವಾರ ಅಂತ ಹೆಚ್ಚಾಗುತ್ತಾ?

ಮೇಡಂ: ಹೆಚ್ಚಾಗಿದೆ ಅಂತಾನೇ ನಾನೂ ಹೇಳ್ತಿರೋದು.

ಗಡಿಯಾರದವರು: ಮೀನು ನಿಂತಲ್ಲಿ ನಿಲ್ಲಲ್ಲ. ಒಂದನ್ನೇ ಎರಡು ಸಲ ಎಣಿಸಿರ್ತೀರಿ.

ಮೇಡಂ: ವರ್ಷಕ್ಕೊಂದು ಸಲ ಹದಿನೆಂಟು ಸಾವಿರ ಪುಸ್ತಕ ಎಣಿಸೋಳು ನಾನು. ಒಂದೂ ತಪ್ಪಿಲ್ಲ.

ಗಡಿಯಾರದವರು: ಪುಸ್ತಕ ಈಜಲ್ಲ.

ಗಂಡಹೆಂಡತಿ ಇಬ್ಬರೂ ಹಜಾರದ ಅಕ್ವೇರಿಯಂ ಮುಂದೆ ನೆಲದ ಮೇಲೆ ಕುಳಿತು ಗಾಜಿಗೆ ಮೂಗು ತಾಗಿಸಿದ್ದಾರೆ. ಅವರಿಗೆ ಐವತ್ತೆಂಟು, ಇವರಿಗೆ ಐವತ್ತೊಂದು. ಮದುವೆಯಾಗಿ ಇಪ್ಪತ್ತಾರು ದಿನ. ಅವರು ಗಡಿಯಾರ ರಿಪೇರಿ ಮಾಡುವವರು, ಮೊದಲ ಹೆಂಡತಿ ತೀರಿಕೊಂಡು ಐದು ವರ್ಷವಾಗಿದೆ. ಇವರು ಲೈಬ್ರರಿಯಲ್ಲಿ ಪುಸ್ತಕ ಕೊಡುವವರು, ಇವರಿಗೆ ಮದುವೆ ಇದೇ ಮೊದಲು. ಲೈಬ್ರರಿಯ ಗೋಡೆ ಗಡಿಯಾರ ಮೂರು ತಿಂಗಳಲ್ಲಿ ಒಂಬತ್ತು ಸಲ ಕೆಟ್ಟಿತು, ಅದೂ ಇಷ್ಟು ಒಳ್ಳೆಯ ರಿಪೇರಿಯವರ ಕೈಯಲ್ಲಿ. ಅಷ್ಟು ಹೇಳಿದರೆ ಉಳಿದದ್ದು ನಿಮಗೇ ತಿಳಿಯುತ್ತದೆ.

ಮದುವೆಯೇನೋ ಆಯಿತು, ಸಲಿಗೆ ಮಾತ್ರ ಇನ್ನೂ ಹೊಸ್ತಿಲಾಚೆಯೇ ನಿಂತಿದೆ. "ನೀವು ಕೂತ್ಕೊಳ್ಳಿ", "ನೀವು ಮೊದಲು ತಗೊಳ್ಳಿ", "ಪರವಾಗಿಲ್ಲ, ಪರವಾಗಿಲ್ಲ" ಎಂಬುದರಲ್ಲೇ ಇವರ ದಿನ ಕಳೆಯುತ್ತದೆ. ಹೆಂಡತಿಯನ್ನು ಅವರು ಇಂದಿಗೂ ಮೇಡಂ ಎನ್ನುತ್ತಾರೆ. ಇವರು ಅವರನ್ನು ಏನೂ ಅನ್ನುವುದಿಲ್ಲ, ಹತ್ತಿರ ಹೋಗಿ ಕೆಮ್ಮುತ್ತಾರೆ.

ಟ್ಯಾಂಕಿನಲ್ಲಿ ಅರ್ಧ ಬೆರಳಿನಷ್ಟಿರುವ, ಮೈಮೇಲೆ ನೀಲಿ ಗೆರೆಯಿರುವ ಪುಟ್ಟ ಮೀನುಗಳು. ಅವು ಗಡಿಯಾರದವರವು. ಅವುಗಳ ನಡುವೆ ಅಂಗೈಗಿಂತ ದೊಡ್ಡದೊಂದು ಕಪ್ಪು ಮೀನು, ಹೆಸರು ಗುಂಡ. ಅದು ಮೇಡಂ ತಂದದ್ದು. ತವರಿನಿಂದ ಎಂದು ಬೇಕಾದರೆ ಹೇಳೋಣ, ಎರಡು ಸೂಟ್‌ಕೇಸು ಮತ್ತು ಒಂದು ಬಕೆಟ್ಟಿನ ಜೊತೆ.

ಗಡಿಯಾರದವರು: ಇನ್ನೊಂದ್ಸಲ ಎಣಿಸೋಣ. ನಾನು ಈ ಕಡೆಯಿಂದ, ನೀವು ಆ ಕಡೆಯಿಂದ.

ಮೇಡಂ: ಇಬ್ಬರೂ ಎಣಿಸಿದ್ರೆ ಇಪ್ಪತ್ತಾರಾಗುತ್ತೆ. ನೀವು ಸುಮ್ಮನಿರಿ. ಒಂದು, ಎರಡು, ಮೂರು...

ಅಷ್ಟರಲ್ಲಿ ಹತ್ತು ಗಂಟೆಯಾಯಿತು. ಗೋಡೆಯ ಮೇಲೆ ರಿಪೇರಿಗೆ ಬಂದ ಏಳು ಗಡಿಯಾರಗಳಿದ್ದವು. ಒಂದು ಹತ್ತು ಹೊಡೆಯಿತು, ಒಂದು ನಾಲ್ಕು ಹೊಡೆಯಿತು, ಇನ್ನೊಂದು ಶುರುಮಾಡಿದ್ದನ್ನು ನಿಲ್ಲಿಸಲೇ ಇಲ್ಲ.

ಮೇಡಂ: ...ಎಂಟು, ಒಂಬತ್ತು, ಹತ್ತು, ನಾಲ್ಕು, ಐದು... ಛೆ.

ಗಡಿಯಾರದವರು: ಹತ್ತಾದ ಮೇಲೆ ನಾಲ್ಕು ಬಂತು. ಹೀಗೇ ಪುಸ್ತಕನೂ ಎಣಿಸಿದ್ರಾ?

ಮೇಡಂ: ಅದು ನಿಮ್ಮ ಗಡಿಯಾರ ಹೇಳಿದ್ದು.

ಗಡಿಯಾರದವರು: ಸರಿಯಾಗಿ ಹೊಡೆಯೋ ಹಾಗಿದ್ರೆ ಅದು ಇಲ್ಲಿಗ್ಯಾಕೆ ಬರ್ತಿತ್ತು?

ಮೇಡಂ (ಸ್ವಲ್ಪ ಯೋಚಿಸಿ): ಮರಿ ಹಾಕಿರಬಹುದು.

ಗಡಿಯಾರದವರು (ಮುಳುಗುವವರಿಗೆ ಹಗ್ಗ ಸಿಕ್ಕಂತೆ): ಹೌದು. ಮರಿ. ಅದೇ ಸರಿ.

ಮೇಡಂ: ಎರಡು.

ಗಡಿಯಾರದವರು: ಅವಳಿ ಜವಳಿ.

ಮೇಡಂ: ಹುಟ್ಟಿದ ದಿನಾನೇ ತಾಯಿಯಷ್ಟು ಉದ್ದ?

ಗಡಿಯಾರದವರು: ನೀರು ಒಳ್ಳೇದು.

ಮೇಡಂ: ಮೊನ್ನೆ ತಾನೇ ಬದಲಾಯಿಸಿದ್ದು, ಅದೂ ನಿಜ.

ಗುಂಡ ನಿಧಾನವಾಗಿ ಮುಂದೆ ಬಂದು ಇಬ್ಬರ ಮುಖವನ್ನೂ ನೋಡಿ ತಿರುಗಿ ಹೋದ. ಅವನು ತಿರುಗುವುದಕ್ಕೆ ಈಗೀಗ ಸ್ವಲ್ಪ ಹೊತ್ತು ಹಿಡಿಯುತ್ತದೆ.

ಗಡಿಯಾರದವರು: ನಿಮ್ಮ ಗೂಂಡಾ ದಪ್ಪ ಆಗಿದ್ದಾನೆ.

ಮೇಡಂ: ಗುಂಡ.

ಗಡಿಯಾರದವರು: ಅದೇ, ಗುಂಡ. ಒಳ್ಳೇ ಮೈ ಬಂದಿದೆ.

ಮೇಡಂ (ಗಾಬರಿಯಿಂದ): ಮೈ ಏನಿಲ್ಲ, ಗಾಜಿನಲ್ಲಿ ಹಾಗೆ ಕಾಣುತ್ತೆ. ಅವನ ಊಟ ತುಂಬಾ ಕಮ್ಮಿ.

ಗಡಿಯಾರದವರು (ಅಷ್ಟೇ ಗಾಬರಿಯಿಂದ): ಹೌದು ಹೌದು. ಪಾಪ, ಆ ನಾಲ್ಕು ಕಾಳು ಬಿಟ್ಟು ಬೇರೇನೂ ಮುಟ್ಟಲ್ಲ.

ಮೇಡಂ: ಮುಟ್ಟಲ್ಲ.

ಗಡಿಯಾರದವರು: ಸಾಧು ಪ್ರಾಣಿ.

ಮೇಡಂ: ತುಂಬಾ ಸಾಧು.

ಇವರಿಬ್ಬರೂ ಹೇಳುವುದಿಲ್ಲ, ನಾನೇ ಹೇಳಿಬಿಡುತ್ತೇನೆ. ಸಾಧು ಪ್ರಾಣಿ ಮೂರು ವಾರದಿಂದ ದಿನಕ್ಕೆ ಎರಡೋ ಮೂರೋ ನೀಲಿ ಮೀನನ್ನು ನುಂಗುತ್ತಿದ್ದಾನೆ. ಅದು ಗಡಿಯಾರದವರಿಗೆ ಗೊತ್ತು. ಹೆಂಡತಿಗೆ ಗೊತ್ತಾಗಬಾರದೆಂದು ಬೆಳಿಗ್ಗೆ ಬೇಗ ಹೋಗಿ ಹೊಸ ಮೀನು ತಂದು ಬಿಟ್ಟು ಲೆಕ್ಕ ಸರಿಮಾಡುತ್ತಾರೆ. ಅದು ಮೇಡಂಗೂ ಗೊತ್ತು. ಗಂಡನಿಗೆ ಗೊತ್ತಾಗಬಾರದೆಂದು ಸಂಜೆ ಲೈಬ್ರರಿಯಿಂದ ಬರುವಾಗ ಇವರೂ ತಂದು ಬಿಡುತ್ತಾರೆ. ನಿನ್ನೆ ಗುಂಡ ಎರಡನ್ನು ಮುಗಿಸಿದ. ಸಂಜೆ ಮೇಡಂ ಎರಡು ತಂದರು, ಆದರೆ ಗಂಡ ಟ್ಯಾಂಕಿನ ಮುಂದಿನಿಂದ ಏಳಲೇ ಇಲ್ಲವಾದ್ದರಿಂದ ಚೀಲವನ್ನು ಅಡುಗೆಮನೆಯ ಪಾತ್ರೆಯಲ್ಲಿ ಬಚ್ಚಿಟ್ಟರು. ಇವತ್ತು ಬೆಳಿಗ್ಗೆ ಗಡಿಯಾರದವರೂ ಎರಡು ತಂದರು. ಇವರು ಸ್ನಾನಕ್ಕೆ ಹೋದಾಗ ಅವರು ಬಿಟ್ಟರು, ಅವರು ಸ್ನಾನಕ್ಕೆ ಹೋದಾಗ ಇವರು ಬಿಟ್ಟರು. ಬಿಟ್ಟು ಎಣಿಸಿದ ಮೇಡಂ ಬೆಚ್ಚಿಬಿದ್ದು "ಹದಿಮೂರು" ಎಂದು ಗಟ್ಟಿಯಾಗಿ ಹೇಳಿಬಿಟ್ಟರು. ಟವೆಲಿನಲ್ಲಿ ತಲೆ ಒರೆಸುತ್ತ ಬಂದ ಅವರ ಕಿವಿಗೆ ಅದು ಬಿತ್ತು. ಒಮ್ಮೆ ಹೇಳಿದ ಸಂಖ್ಯೆಯನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಲೈಬ್ರರಿಯವರಿಗೆ ಅಭ್ಯಾಸವಿಲ್ಲ.

ಕರೆಗಂಟೆ ಹೊಡೆಯಿತು. ಬಾಗಿಲಲ್ಲಿ ಅಕ್ವೇರಿಯಂ ಅಂಗಡಿಯವನು, ಕೈಯಲ್ಲಿ ಸ್ಕ್ರೂಡ್ರೈವರ್. ನೀರಿಗೆ ಗಾಳಿ ಬಿಡುವ ಪಂಪು ಸದ್ದು ಮಾಡುತ್ತದೆಂದು ಗಡಿಯಾರದವರು ಬೆಳಿಗ್ಗೆಯೇ ಹೇಳಿ ಬಂದಿದ್ದರು. ಹೇಳಿ ಬಂದದ್ದನ್ನು ಮರೆತೂ ಬಿಟ್ಟಿದ್ದರು.

ಅಂಗಡಿಯವನು: ಸಾರ್, ಪಂಪು ನೋಡೋಣ ಅಂತ ಬಂದೆ... ಅರೆ, ಲೈಬ್ರರಿ ಮೇಡಂ. ನೀವೇನು ಇಲ್ಲಿ?

ಮೇಡಂ: ನಾನು... ಇಲ್ಲೇ ಇರೋದು.

ಅಂಗಡಿಯವನು: ಗೊತ್ತೇ ಇರ್ಲಿಲ್ಲ. ಲೈಬ್ರರೀಲಿ ಮೀನುಗಳು ಹೇಗಿವೆ?

ಗಡಿಯಾರದವರು: ಲೈಬ್ರರೀಲಿ ಮೀನಾ?

ಮೇಡಂ: ಪುಸ್ತಕ. ಮೀನಿನ ಬಗ್ಗೆ ಪುಸ್ತಕ.

ಅಂಗಡಿಯವನು: ಪುಸ್ತಕ ಅಲ್ಲ ಮೇಡಂ, ನಿನ್ನೆ ಸಂಜೆ ತಾನೇ ಎರಡು ನೀಲಿ...

ಮೇಡಂ: ನೀಲಿ ರಟ್ಟಿನ ಪುಸ್ತಕ. ಎರಡು ಪ್ರತಿ.

ಅಂಗಡಿಯವನು ತಲೆ ಕೆರೆದುಕೊಂಡ. ಮೇಡಂ ಕಣ್ಣಲ್ಲೇ ಏನೋ ಹೇಳುತ್ತಿದ್ದರು, ಅವರ ಕಣ್ಣಿಗೆ ಕಸ ಬಿದ್ದಿದೆ ಎಂದು ಅವನಿಗೆ ಅನ್ನಿಸಿತು.

ಅಂಗಡಿಯವನು: ಹೋಗ್ಲಿ ಬಿಡಿ. ಸಾರ್, ನಿಮ್ಮ ಅಕ್ಕನ ಮಗಳು ಚೆನ್ನಾಗಿದ್ದಾಳಾ?

ಮೇಡಂ: ಯಾರ ಅಕ್ಕ?

ಗಡಿಯಾರದವರು: ನನ್ನ... ದೂರದ ಅಕ್ಕ.

ಮೇಡಂ: ರಿಜಿಸ್ಟ್ರಾರ್ ಆಫೀಸಲ್ಲಿ ನಿಮ್ಮ ಕಡೆಯವರು ಯಾರೂ ಇಲ್ಲ ಅಂತ, ರಿಪೇರಿಗೆ ಬಂದ ಗಿರಾಕೀನ ಸಾಕ್ಷಿಗೆ ಕರ್ಕೊಂಡು ಬಂದಿದ್ರಲ್ಲ?

ಗಡಿಯಾರದವರು: ಅಷ್ಟು ದೂರ.

ಅಂಗಡಿಯವನು: ಆ ಹುಡುಗೀಗೆ ಮೀನಿನ ಹುಚ್ಚು ಮೇಡಂ. ಮೂರು ವಾರದಿಂದ ದಿನಾ ಬೆಳಿಗ್ಗೆ ಸಾರ್ ಒಂದೋ ಎರಡೋ ತಗೊಂಡು ಹೋಗ್ತಾರೆ. ಇಷ್ಟೊಂದು ಮೀನು ಇಟ್ಕೊಂಡು ಆ ಮಗು ಏನು ಮಾಡುತ್ತೆ ಅಂತ ನನಗೂ ಯೋಚನೆ.

ಗಡಿಯಾರದವರು: ಆಟ ಆಡುತ್ತೆ.

ಮೇಡಂ: ಯಾವ ಬಣ್ಣದ ಮೀನು?

ಗಡಿಯಾರದವರು: ಅವಳಿಗೆ ಬಣ್ಣದ ಮೇಲೆಲ್ಲ ಗಮನ ಇಲ್ಲ.

ಗುಂಡನಿಗೆ ಈ ಮಾತಿನಲ್ಲೆಲ್ಲ ಆಸಕ್ತಿ ಇರಲಿಲ್ಲ. ಅವನು ಒಂದು ಸಲ ಬಾಲ ಅಲ್ಲಾಡಿಸಿ, ಮೂವರ ಕಣ್ಣೆದುರಿಗೇ ಬಾಯಿ ತೆಗೆದು ಮುಚ್ಚಿದ. ಹದಿಮೂರು ಹನ್ನೆರಡಾಯಿತು.

ಗಡಿಯಾರದವರು: ಆಕಳಿಸಿದ.

ಮೇಡಂ: ಹೌದು. ಆಕಳಿಕೆ.

ಅಂಗಡಿಯವನು: ಆಕಳಿಸಿದ್ರೆ ಬಾಯಿಂದ ಬಾಲ ನೇತಾಡುತ್ತಾ ಸಾರ್?

ಅಷ್ಟರಲ್ಲಿ ಬಾಲವೂ ಒಳಗೆ ಹೋಯಿತು.

ಅಂಗಡಿಯವನು: ಇದು ಆಸ್ಕರ್ ಜಾತಿ ಅಲ್ವಾ. ಇದನ್ನ ಪುಟ್ಟ ಮೀನಿನ ಜೊತೆ ಬಿಟ್ಟೋರು ಯಾರು? ಬಾಯಲ್ಲಿ ಹಿಡಿಸೋದೆಲ್ಲ ಇದಕ್ಕೆ ಊಟ. ಒಂದು ನಿಮಿಷ... ಬೆಳಿಗ್ಗೆ ಸಾರ್. ಸಂಜೆ ಮೇಡಂ. ಅಕ್ಕನ ಮಗಳೂ ಇಲ್ಲ, ಲೈಬ್ರರೀಲಿ ಟ್ಯಾಂಕೂ ಇಲ್ಲ. ಇಬ್ಬರು ಒಳ್ಳೇ ಗಿರಾಕಿ ಸಿಕ್ಕಿದ್ದಾರೆ ಅಂದ್ಕೊಂಡಿದ್ದೆ ನಾನು. ನೋಡಿದ್ರೆ ಗಿರಾಕಿ ಒಬ್ಬನೇ, ಅವನು ನೀರೊಳಗಿದ್ದಾನೆ.

ಮೇಡಂ (ಗಂಡನ ಕಡೆ ತಿರುಗಿ): ನಿಮಗೆ ಗೊತ್ತಿತ್ತಾ?

ಗಡಿಯಾರದವರು: ನಿಮಗೆ ಗೊತ್ತಿತ್ತಾ?

ಅಂಗಡಿಯವನು: ಮೀನಿನ ಹೆಸರು ಆಸ್ಕರ್, ನಟನೆ ನಿಮ್ಮಿಬ್ಬರದು.

ಗಡಿಯಾರದವರು: ನಾನು ಮೊದಲೇ ಕೇಳಿದ್ದೆ. ನೀವು ಬಕೆಟ್ಟು ತಂದ ದಿನಾನೇ ಕೇಳಿದ್ದೆ, ಮೇಡಂ, ನಿಮ್ಮ ಮೀನಿಗೆ ಸಣ್ಣ ಮೀನು ಸೇರುತ್ತಾ ಅಂತ.

ಮೇಡಂ: ಕೇಳಿದ್ರಿ. ಸೇರುತ್ತೆ ಅಂದೆ.

ಗಡಿಯಾರದವರು: ಅಷ್ಟೇ ಅಲ್ಲ. ಸಣ್ಣ ಮೀನು ಅಂದ್ರೆ ಅವನಿಗೆ ಪ್ರಾಣ ಅಂದ್ರಿ.

ಮೇಡಂ: ಪ್ರಾಣಾನೇ. ಈಗ ನೋಡಿದ್ರಲ್ಲ.

ಗಡಿಯಾರದವರು: ನಾನು ಕೇಳಿದ್ದು ಜೊತೇಲಿ ಇರೋಕೆ.

ಮೇಡಂ: ನಾನು ಹೇಳಿದ್ದು ಊಟಕ್ಕೆ. ನಿಮಗೆ ಬದನೆಕಾಯಿ ಸೇರುತ್ತಾ ಅಂತ ಕೇಳಿದ್ರೆ, ಬದನೆಕಾಯಿ ಜೊತೆ ಸಂಸಾರ ಮಾಡ್ತೀರಾ ಅಂತ ಅರ್ಥನಾ?

ಗಡಿಯಾರದವರು: ಬದನೆಕಾಯೀನ ಯಾರೂ ಟ್ಯಾಂಕಿಗೆ ಬಿಡಲ್ಲ.

ಮೇಡಂ: ನಾನು ಬಿಟ್ಟೆನಾ? ನಾನು ಕೆಲಸ ಮುಗಿಸಿ ಬರೋ ಹೊತ್ತಿಗೆ ನೀವೇ ಬಿಟ್ಟಾಗಿತ್ತು. ನೋಡಿ ಮೇಡಂ, ನಿಮ್ಮವನೂ ನಮ್ಮವರೂ ಒಂದೇ ಮನೇಲಿ ಅಂತ ಅಷ್ಟು ಖುಷಿಯಿಂದ ತೋರಿಸಿದ್ರಿ. ಮದುವೆಯಾಗಿ ಐದನೇ ದಿನ. ನಾನು ಏನಂತ ಹೇಳ್ಲಿ?

ಗಡಿಯಾರದವರು: ತಿಂತಾನೆ ಅಂತ ಹೇಳ್ಬೇಕಿತ್ತು.

ಮೇಡಂ: ಹೇಳೋಣ ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ಅವನು ತೆಗೆದ.

ಗಡಿಯಾರದವರು: ಆಮೇಲಾದ್ರೂ ಹೇಳಬಹುದಿತ್ತಲ್ಲ.

ಮೇಡಂ: ನೀವ್ಯಾಕೆ ಕೇಳ್ಲಿಲ್ಲ?

ಗಡಿಯಾರದವರು: ಮಾರನೇ ಬೆಳಿಗ್ಗೆ ಎಣಿಸಿದ್ರೆ ಹತ್ತಿತ್ತು. ಅರ್ಥ ಆಯ್ತು. ಕೇಳಿದ್ರೆ ನಿಮ್ಮ ಮನಸ್ಸಿಗೆ ನೋವಾಗುತ್ತೆ ಅನ್ನಿಸ್ತು. ಈಗ ತಾನೇ ಬಂದೋರು, ಬಂದ ವಾರದಲ್ಲೇ ಕೊಲೆ ಕೇಸು ಅಂದ್ರೆ ಹೇಗೆ?

ಮೇಡಂ ನಗಬೇಕೋ ಅಳಬೇಕೋ ತಿಳಿಯದೆ ಸೆರಗಿನ ತುದಿಯಿಂದ ಗಾಜು ಒರೆಸತೊಡಗಿದರು. ಗಡಿಯಾರದವರು ಅಂಗಡಿಯವನನ್ನು ಹತ್ತಿರ ಕರೆದರು.

ಗಡಿಯಾರದವರು: ಸರಿಯಾಗಿ ನೋಡಿ ಹೇಳಿ. ನನ್ನ ಹಳೇ ಹನ್ನೊಂದರಲ್ಲಿ ಎಷ್ಟು ಉಳಿದಿವೆ?

ಅಂಗಡಿಯವನು (ಬಗ್ಗಿ ಬಹಳ ಹೊತ್ತು ನೋಡಿ): ಇವೆಲ್ಲ ಎಳೇವು ಸಾರ್. ನಮ್ಮ ಅಂಗಡಿಯವೇ. ಹಳೇದು ಒಂದೂ ಕಾಣ್ತಿಲ್ಲ.

ಗಡಿಯಾರದವರು ಬೆತ್ತದ ಸ್ಟೂಲಿನ ಮೇಲೆ ಕುಳಿತರು. ಮೊದಲ ಹೆಂಡತಿ ಹೋದ ಮೇಲೆ ಆ ಮನೆಯಲ್ಲಿ ಗಡಿಯಾರದ ಮುಳ್ಳು ಬಿಟ್ಟು ಬೇರೇನೂ ಅಲ್ಲಾಡುತ್ತಿರಲಿಲ್ಲ. ಅದನ್ನು ತಾಳಲಾರದೆ ಒಂದು ದಿನ ಹನ್ನೊಂದು ಮೀನು ತಂದಿದ್ದರು. ಬೆಳಿಗ್ಗೆ ಎದ್ದು ಎಣಿಸಿ, ಹನ್ನೊಂದೂ ಇವೆ ಎಂದು ತಮಗೆ ತಾವೇ ಹೇಳಿಕೊಂಡು ಕೆಲಸಕ್ಕೆ ಹೊರಡುತ್ತಿದ್ದರು. ಒಂದೂ ಉಳಿದಿರಲಾರದೆಂದು ಅವರಿಗೆ ಗೊತ್ತಿತ್ತು. ಆದರೂ ಇನ್ನೊಬ್ಬರ ಬಾಯಿಂದ ಕೇಳಿದಾಗ ದುಃಖವಾಯಿತು.

ಮೇಡಂ ಒಳಗೆ ಹೋಗಿ ಬಕೆಟ್ಟು ತಂದರು.

ಗಡಿಯಾರದವರು: ಅದ್ಯಾಕೆ?

ಮೇಡಂ: ಗುಂಡನನ್ನ ಹಾಕ್ಕೊಳ್ಳೋಕೆ. ಅವನ ಟ್ಯಾಂಕು ನನ್ನ ಹಳೇ ಬಾಡಿಗೆ ರೂಮಲ್ಲೇ ಇದೆ.

ಗಡಿಯಾರದವರು: ರೂಮು ಬಿಟ್ಟುಕೊಟ್ರಲ್ಲ?

ಮೇಡಂ (ಪರ್ಸಿನಿಂದ ಬೀಗದ ಕೈ ತೆಗೆದು): ಬಿಟ್ಟಿಲ್ಲ. ನಾಳೆ ಬಿಡೋಣ, ನಾಡಿದ್ದು ಬಿಡೋಣ ಅಂತ ಇದ್ದೆ. ಮೂವತ್ತು ವರ್ಷ ಒಬ್ಬಳೇ ಇದ್ದೋಳು ನಾನು. ಅವನೂ ಎಂಟು ವರ್ಷ ಒಬ್ಬನೇ ಇದ್ದೋನು. ಇನ್ನೊಬ್ಬರ ಜೊತೆ ಇರೋದು ನಮಗೆ ಗೊತ್ತಿಲ್ಲ. ಅವನು ಬಂದು ನಿಮ್ಮ ಹನ್ನೊಂದನ್ನೂ ಮುಗಿಸಿದ. ನಾನು ಬಂದಿದ್ದಕ್ಕೆ ಇನ್ನೇನು ಹಾಳಾಗುತ್ತೋ ಅಂತ ನನಗೆ ದಿನಾ ಹೆದರಿಕೆ.

ಅಂಗಡಿಯವನು: ನಾನು ಸ್ವಲ್ಪ ಹೊರಗೆ ನಿಂತಿರ್ತೀನಿ.

ಇಬ್ಬರೂ: ಇಲ್ಲೇ ಇರಿ.

ಇಲ್ಲಿ ಇದ್ದು ಏನು ಮಾಡಬೇಕೆಂದು ತಿಳಿಯದೆ ಅವನು ಬಂದ ಕೆಲಸಕ್ಕೆ ಕೈ ಹಾಕಿದ. ಪಂಪಿನ ಮುಚ್ಚಳ ಬಿಚ್ಚಿದ. ಅದು ಗೊರಗೊರ ಎಂದು ಮನೆಯನ್ನೇ ತುಂಬಿತು.

ಗಡಿಯಾರದವರು: ನೀನು ಇಲ್ಲೇ ಇರ್ಬೇಕು.

ಮೇಡಂ: ಏನಂದ್ರಿ?

ಗಡಿಯಾರದವರು: ನೀನು ಈ ಮನೇಲೇ ಇರ್ಬೇಕು ಅಂದೆ.

ಮೇಡಂ (ಮುಖ ಸಪ್ಪಗಾಗಿ): ಮೀನು ಇರ್ಬೇಕು. ಸರಿ. ಇಷ್ಟೆಲ್ಲ ತಿಂದ ಮೇಲೂ ಅವನು ಬೇಕು. ನಾನು?

ಗಡಿಯಾರದವರು: ಅವನಿಗೆ ಹೇಳಿದ್ದಲ್ಲ ನಾನು.

ಮೇಡಂ: ಮತ್ತೆ ಯಾವ ಮೀನು? ಈ ಹನ್ನೆರಡಾ? ಇವೂ ನಾಳೆಗೆ ಇರಲ್ಲ.

ಗಡಿಯಾರದವರು: ಮೀನಲ್ಲ. ನೀನು.

ಮೇಡಂ: ಅದೇ ನಾನೂ ಹೇಳ್ತಿರೋದು, ಮೀನು.

ಅಂಗಡಿಯವನು ಪಂಪಿನ ಸ್ವಿಚ್ಚು ಆರಿಸಿದ.

ಅಂಗಡಿಯವನು: ಮೇಡಂ, ಇಪ್ಪತ್ತು ವರ್ಷದಿಂದ ಅಂಗಡಿ ಇಟ್ಟಿದ್ದೀನಿ. ಮೀನು ಅನ್ನೋ ಮಾತು ದಿನಕ್ಕೆ ನೂರು ಸಲ ನನ್ನ ಕಿವಿಗೆ ಬೀಳುತ್ತೆ. ಸಾರ್ ಹೇಳಿದ್ದು ಅದಲ್ಲ.

ಮೇಡಂ: ಮತ್ತೇನು?

ಅಂಗಡಿಯವನು: ಅದನ್ನ ಅವರೇ ಹೇಳ್ಬೇಕು. ನಾನು ನಿಮಗೆ ಹಾಗನ್ನೋ ಹಾಗಿಲ್ಲ.

ಮೇಡಂ ಗಂಡನನ್ನು ನೋಡಿದರು. ಗಡಿಯಾರದವರ ಕಿವಿ ಕೆಂಪಾಗಿತ್ತು. ಅವರು ಗೋಡೆಯ ಕಡೆ ನೋಡಿದರು, ಅಲ್ಲಿ ಏಳು ಗಡಿಯಾರಗಳೂ ಅವರನ್ನೇ ನೋಡುತ್ತಿದ್ದವು.

ಗಡಿಯಾರದವರು: ನೀವು ಅಂದೆ.

ಮೇಡಂ: ನೀವು ಅಂದ್ರೆ ನನಗೆ ಮೀನು ಅಂತ ಕೇಳಿಸುತ್ತಾ?

ಗಡಿಯಾರದವರು: ಪಂಪಿನ ಸದ್ದು.

ಮೇಡಂ: ಮೊದಲು ಹೇಳಿದ್ದೇ ಹೇಳಿ.

ಗಡಿಯಾರದವರು: ಇವರ ಮುಂದೇನಾ?

ಮೇಡಂ: ಇವರ ಮುಂದೇನೇ.

ಗಡಿಯಾರದವರು (ಒಂದೇ ಉಸಿರಿಗೆ): ನೀನು. ನೀನು ಹೋಗಬೇಡ. ಹನ್ನೊಂದೂ ಹೋಯ್ತು, ಬೇಜಾರಾಗಿದೆ, ಇಲ್ಲ ಅನ್ನಲ್ಲ. ಆದ್ರೆ ಮೂರು ವಾರ ಬೆಳಿಗ್ಗೆ ಎದ್ದು ಅಂಗಡಿಗೆ ಓಡಿದ್ದು ಮೀನಿಗೋಸ್ಕರ ಅಲ್ಲ. ನಿನ್ನ ಕೈಗೆ ಈ ಬಕೆಟ್ಟು ಬರಬಾರದು ಅಂತ.

ಅಂಗಡಿಯವನು ಬಿಚ್ಚಿದ್ದ ಮುಚ್ಚಳವನ್ನು ತಿರುಗಾಮುರುಗಾ ನೋಡುತ್ತ ನಿಂತ. ಮೇಡಂ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಒರೆಸಿದ್ದು ಸಾಲದೆ ಇನ್ನೊಮ್ಮೆ ತೆಗೆದು ಒರೆಸಿದರು. ಐವತ್ತೊಂದು ವರ್ಷದಲ್ಲಿ ಇಂಥ ಒಂದು ಮಾತು ತಮಗಾಗಿ ಯಾರೂ ಆಡಿರಲಿಲ್ಲ. ಅದನ್ನು ಹೇಳಿಕೊಳ್ಳುವುದು ಹೇಗೆಂದು ತಿಳಿಯದೆ, ಕೈಯಲ್ಲಿದ್ದ ಬೀಗದ ಕೈಯನ್ನು ಅಂಗಡಿಯವನ ಮುಂದೆ ಹಿಡಿದರು.

ಮೇಡಂ: ಲೈಬ್ರರಿ ಹಿಂದಿನ ರಸ್ತೇಲಿ, ಮಹಡಿ ಮೇಲಿನ ರೂಮು. ಕಿಟಕಿ ಕೆಳಗೆ ಗುಂಡನ ಟ್ಯಾಂಕಿದೆ. ಇಲ್ಲಿಗೆ ತಂದುಬಿಡಿ. ಅವನದು ಆ ಗೋಡೆಗಿರ್ಲಿ, ಈ ಪುಟ್ಟವು ಈ ಗೋಡೆಗಿರ್ಲಿ.

ಅಂಗಡಿಯವನು: ಬೀಗದ ಕೈ?

ಮೇಡಂ: ಕೆಳಗಡೆ ಮನೆ ಓನರ್ ಇರ್ತಾರೆ. ಅವರ ಕೈಗೆ ಕೊಟ್ಟುಬಿಡಿ.

ಅಂಗಡಿಯವನು: ಮತ್ತೆ ಬೇಕಾದ್ರೆ?

ಮೇಡಂ: ಬೇಕಾಗಲ್ಲ.

ಅಂಗಡಿಯವನು: ಅಂದ್ರೆ ನಾಳೆಯಿಂದ ಬೆಳಿಗ್ಗೆ ಸಾರೂ ಬರಲ್ಲ, ಸಂಜೆ ಮೇಡಂನೂ ಬರಲ್ಲ. ಬಾಯಿ ಮುಚ್ಕೊಂಡು ಪಂಪು ಮಾತ್ರ ನೋಡಿ ಹೋಗಬೇಕಿತ್ತು ನಾನು.

ಅವನು ಗೊಣಗುತ್ತಲೇ ಮೆಟ್ಟಿಲಿಳಿದು ಹೋದ. ಹಜಾರದಲ್ಲಿ ಇಬ್ಬರೇ ಉಳಿದರು. ಗಡಿಯಾರದವರು ಹೆಂಡತಿಯ ಕೈಯಿಂದ ಬಕೆಟ್ಟು ತೆಗೆದು ಬಾಗಿಲ ಹಿಂದೆ ಇಟ್ಟು ಬಂದರು. ಹೊಸ ಮಾತು ಬಾಯಿಗೆ ಇನ್ನೂ ಸರಿಯಾಗಿ ಕೂತಿರಲಿಲ್ಲ, ಆದರೂ ಬಿಡಲು ಮನಸ್ಸಿರಲಿಲ್ಲ.

ಗಡಿಯಾರದವರು: ಇದ್ದ ಒಂದು ಬೀಗದ ಕೈನೂ ಕೊಟ್ಟುಬಿಟ್ಟೆ ನೀನು. ನಾಳೆ ನಮ್ಮಿಬ್ಬರಿಗೂ ಜಗಳ ಆಗಿ, ಈ ಮನೇಲಿ ಇರಲ್ಲ ಅನ್ನಿಸಿದ್ರೆ ಎಲ್ಲಿಗೆ ಹೋಗ್ತೀಯ?

ಮೇಡಂ: ನನ್ನ ಮನೆ ಬಿಟ್ಟು ನಾನ್ಯಾಕ್ರೀ ಹೋಗ್ಲಿ? ನೀವು ಹೋಗಿ.